ಇನ್ನೊಬ್ಬರು ಬರಬೇಕು

ಅಪ್ಪನಿಗೆ ಮರೆವು ಶುರುವಾಗಿದೆಯೋ ಏನೋ ಎಂಬ ಭಯ ಆ ವರ್ಷ ನಮ್ಮ ಮನೆಗೆ ಹೊಕ್ಕಿತ್ತು. ಜಾಗ ಬದಲಾದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರಿಂದ ಅಪ್ಪ, ಅಮ್ಮ, ನಾನು ಮೂವರೇ ಬೆಟ್ಟದ ಮೇಲಿನ ಸುಣ್ಣಕಲ್ಲಿನ ಗುಹೆ ನೋಡಲು ಹೋದೆವು. ದಾರಿಯ ಹಳೆಯ ಕಾಡು ಮುಗಿಯುವಂತೆಯೇ ಇರಲಿಲ್ಲ. ಕಾರು ಓಡಿಸಿ ಓಡಿಸಿ ನನ್ನ ತೋಳುಗಳು ಸೋತಿದ್ದವು.

ಗುಹೆಯಲ್ಲಿ ನಮ್ಮನ್ನು ಬಿಟ್ಟು ಯಾರೂ ಇರಲಿಲ್ಲ. ಹಿಂದೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ನಾವು ನಿಂತಾಗಲೆಲ್ಲ ಆ ಸದ್ದೂ ನಿಲ್ಲುತ್ತಿತ್ತು.

ವಾಪಸು ಬಂದಾಗ ಅಮ್ಮ ಹಿಂದಿನ ಸೀಟಿನಲ್ಲಿ ಕೂತಳು, ಅಪ್ಪ ಮಾತ್ರ ಕಾರು ಹತ್ತದೆ ಹೊರಗೇ ನಿಂತುಬಿಟ್ಟರು. ಬಸ್ ಕಂಡಕ್ಟರಾಗಿದ್ದವರು, ಕೊನೆಯವರು ಹತ್ತುವ ತನಕ ಗಾಡಿ ಬಿಡಗೊಡದ ಮನುಷ್ಯ.

"ಇರೋ, ಇನ್ನೊಬ್ರು ಬರ್ಬೇಕು."

"ಅಪ್ಪಾ, ನಾವು ಬಂದಿದ್ದೇ ಮೂರು ಜನ."

"ನಂಗೇ ಲೆಕ್ಕ ಕಲಿಸ್ತೀಯಾ? ನಿಧಾನಕ್ಕೆ ಬರ್ತಿದಾರೆ, ಪಾಪ."

ಡಾಕ್ಟರಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸುತ್ತ ಸ್ಟೀರಿಂಗಿಗೆ ಹಣೆಯಿಟ್ಟೆ. ಅಪ್ಪ ಹಿಂದಿನ ಬಾಗಿಲು ತೆಗೆದರು, ಕಾದರು, ಮೆಲ್ಲಗೆ ಮುಚ್ಚಿದರು. ಆಮೇಲೆ ನನ್ನ ಪಕ್ಕ ಕೂತು, "ಹೂಂ, ಹೊರಡು" ಎಂದವರೇ ನಿದ್ದೆಹೋದರು.

ಎಷ್ಟೋ ದೂರ ಬಂದ ಮೇಲೆ ಕನ್ನಡಿಯಲ್ಲಿ ನೋಡಿದೆ. ಹಿಂದೆ ಅಮ್ಮ ಒಬ್ಬಳೇ, ಬಾಗಿಲಿಗೆ ಒತ್ತಿಕೊಂಡು ಮುದುಡಿ ಕೂತಿದ್ದಳು.

"ಆರಾಮಾಗಿ ಕಾಲು ಚಾಚ್ಕೊಳ್ಳಮ್ಮಾ."

"ಎಲ್ಲಿ ಚಾಚ್ಲೋ? ಜಾಗ ಬೇಡ್ವಾ?" ಎಂದಳು, ಪಕ್ಕಕ್ಕೆ ತಿರುಗದೆ.

ಅಪ್ಪನ ನೆನಪಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಈಗ ಕಡುಬೇಸಿಗೆ. ಕಾರಿನ ನಾಲ್ಕೂ ಬಾಗಿಲು ತೆರೆದು ದಿನಾ ಬಿಸಿಲಿಗೆ ನಿಲ್ಲಿಸುತ್ತೇನೆ. ಹಿಂದಿನ ಸೀಟಿನ ಅರ್ಧಭಾಗ ಇನ್ನೂ ಒಣಗಿಲ್ಲ.