ಎರಡನೆಯ ಮಡಕೆ

ವಿನೋದಮ್ಮ ಆಟೋದಿಂದ ಇಳಿದಾಗ ಅವರ ಕೈಯಲ್ಲಿ ಒಂದಲ್ಲ, ಎರಡು ಹೊಸ ಮಡಕೆಗಳಿದ್ದವು. ಗೇಟು ತೆರೆಯಹೋದ ಗ್ರೀಷ್ಮಾ ಎರಡನೆಯದನ್ನು ಕಂಡು ಅಲ್ಲೇ ನಿಂತಳು.

ಅಂದು ಆಟ್ಟುಕಾಲ್ ಪೊಂಗಾಲ. ತಿರುವನಂತಪುರದ ಬೀದಿ ಬೀದಿಯಲ್ಲೂ ಹೆಂಗಸರು ಮೂರು ಇಟ್ಟಿಗೆ ಹೂಡಿ ದೇವಿಗೆ ಬೆಲ್ಲದನ್ನ ಬೇಯಿಸುವ ದಿನ. ಚಾಲೈ ಬಜಾರಿನ ಹಿಂದಿದ್ದ ಗ್ರೀಷ್ಮಾಳ ಮನೆಯ ಗೇಟಿನವರೆಗೂ ಒಲೆಗಳ ಸಾಲು ಬಂದುಬಿಟ್ಟಿತ್ತು.

"ಒಂದು ನನಗೆ, ಇನ್ನೊಂದು ನಿನಗೆ ಕಣಮ್ಮ," ಅಂದರು ವಿನೋದಮ್ಮ. "ಪ್ರತಿ ವರ್ಷ ತಪ್ಪದೆ ಪೊಂಗಾಲ ಇಡ್ತೀಯಂತೆ. ಚಿನ್ಮಯ್ ಹೇಳ್ದ. ಈ ಕಾಲದಲ್ಲಿ ಇಂಥ ಹುಡುಗಿ ಸಿಗ್ತಾಳೆ ಅಂದ್ರೆ!"

ಗ್ರೀಷ್ಮಾ ಅವರ ಬೆನ್ನ ಹಿಂದಿದ್ದ ಮಗನನ್ನು ನೋಡಿದಳು. ಸೌದೆಯ ಕಟ್ಟು ತಬ್ಬಿಕೊಂಡು ನಿಂತಿದ್ದ ಚಿನ್ಮಯ್ ಅದರ ಮರೆಯಿಂದ ಒಂದೇ ಒಂದು ಕಣ್ಣನ್ನು ಇಣುಕಿಸಿ, ಹುಬ್ಬು ಮೇಲೇರಿಸಿ, 'ಪ್ಲೀಸ್' ಎಂದು ಕಣ್ಣಲ್ಲೇ ಬೇಡಿದ. ಬೇರೆ ದಿನವಾಗಿದ್ದರೆ ಆ ನೋಟಕ್ಕೆ ಅವಳು ಬೆಣ್ಣೆಯಂತೆ ಕರಗುತ್ತಿದ್ದಳು. ಇವತ್ತು ಮೈಯೆಲ್ಲ ಉರಿಯಿತು.

ಉರಿಯದೆ ಇನ್ನೇನು? ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಸಿಕ್ಕ ಮೊದಲ ದಿನವೇ ಅವಳು ಅವನಿಗೆ ನೆಟ್ಟಗೆ ಹೇಳಿದ್ದಳು. "ನನಗೆ ದೇವರ ಮೇಲೆ ನಂಬಿಕೆ ಇಲ್ಲ. ಆಮೇಲೆ ಗೊತ್ತಾಗಿ ಬೇಜಾರು ಮಾಡ್ಕೋಬೇಡಿ." ಅವನು ತುಟಿ ಕಚ್ಚಿ ನಗು ತಡೆದು, "ಮನುಷ್ಯರ ಮೇಲಾದ್ರೂ ಇದೆಯಾ? ನಾನು ಅರ್ಜಿ ಹಾಕ್ಬಹುದಾ?" ಅಂದಿದ್ದ. ಅಂದಿನಿಂದ ಅವನು ಕೊಚ್ಚಿಯ ಕಲೂರಿನ ಬ್ಯಾಂಕಿನಲ್ಲಿ ಶನಿವಾರದ ಅರ್ಧ ದಿನ ಮುಗಿಸಿ ರೈಲು ಹತ್ತುವುದು, ಇವಳು ಬಾಹ್ಯಾಕಾಶ ಕೇಂದ್ರದಿಂದ ಬಂದು ಸೀರೆ ಬದಲಾಯಿಸಿ ಸ್ಟೇಷನ್ನಿಗೆ ಓಡುವುದು. ಶಂಖುಮುಖಂ ಕಡಲ ದಂಡೆಯ ಕಡಲೆಕಾಯಿ ಮಾರುವವನಿಗೂ ಇವರ ಪ್ರೇಮ ಗೊತ್ತಿತ್ತು. ಅವನ ಹೆತ್ತ ತಾಯಿಗೆ ಮಾತ್ರ ಗೊತ್ತಿದ್ದದ್ದು ಬೇರೆ ಯಾವುದೋ ಹುಡುಗಿ!

ಅವನನ್ನು ಅಡುಗೆಮನೆಗೆ ಕರೆದಳು.

"ಒಂದು ದಿನ ಕಣೇ," ಅಂದ ಅವನು, ದನಿ ತಗ್ಗಿಸಿ. "ಒಲೆ ಮುಂದೆ ಕೂತ್ಕೊಂಡ್ರೆ ನಿಂದೇನು ಹೋಗುತ್ತೆ? ಅಮ್ಮನಿಗೆ ಖುಷಿಯಾಗುತ್ತೆ."

"ಏನೂ ಹೋಗಲ್ಲ ಅಂದ್ರೆ ನೀನ್ಯಾಕೆ ಸುಳ್ಳು ಹೇಳ್ದೆ?"

ಅವನು ಸೌದೆಯ ಕಟ್ಟಿನ ಹಗ್ಗ ಬಿಚ್ಚತೊಡಗಿದ.

"ನನ್ನ ಕಂಡ್ರೆ ನಾಚಿಕೆ ನಿನಗೆ. ಅಷ್ಟೇ ತಾನೇ? ನೀನು ಮದುವೆ ಆಗ್ಬೇಕು ಅಂತಿರೋದು ನನ್ನನ್ನಲ್ಲ ಚಿನ್ಮಯ್. ನಿಮ್ಮಮ್ಮನಿಗೆ ಹೇಳಿದ್ಯಲ್ಲ, ಆ ಹುಡುಗೀನ. ಹೋಗಿ ಹುಡುಕ್ಕೋ!"

ಅಷ್ಟರಲ್ಲಿ ಹೊರಗಿನಿಂದ "ಮೋಳೇ, ವೆಳ್ಳಂ!" ಎಂದು ಯಾರೋ ಅಜ್ಜಿ ನೀರು ಕೇಳಿದರು. ಗ್ರೀಷ್ಮಾ ಕೊಡ ಎತ್ತಿಕೊಂಡು ನಡೆದಳು. ಪೊಂಗಾಲದ ದಿನ ಅವಳ ಮನೆಯ ಗೇಟು, ಬಾವಿ, ಬಚ್ಚಲು ಎಲ್ಲವೂ ಬೀದಿಯ ಹೆಂಗಸರದ್ದು. ಅಪ್ಪ ಶ್ರೀಪತಿ ಇದ್ದಾಗಿನಿಂದ ಬಂದ ರೂಢಿ. ಅವರೂ ದೇವರನ್ನು ನಂಬಿದವರಲ್ಲ. "ಬಿಸಿಲಲ್ಲಿ ಕೂತವರಿಗೆ ಬಾಗಿಲು ಹಾಕೋದು ಹೇಗೆ?" ಅನ್ನುತ್ತಿದ್ದರು, ಅಷ್ಟೇ. ಅಂಥ ಮನುಷ್ಯ ತೀರಿಕೊಂಡಾಗ ಬಂಧುಗಳು ಮನೆ ತುಂಬ ಕೂತು ಏನಂದರು ಗೊತ್ತೇ? ದೇವರಿಲ್ಲದ ಮನೆಗೆ ಇನ್ನೇನಾಗುತ್ತೆ, ಅಂದರು. ಅದೂ ಅವಳೇ ಮಾಡಿಕೊಟ್ಟ ಕಾಫಿ ಕುಡಿಯುತ್ತಾ!

ಗೇಟಿನ ಬಳಿ ವಿನೋದಮ್ಮ ಇಟ್ಟಿಗೆ ಜೋಡಿಸುತ್ತಿದ್ದರು. "ನಿನ್ನ ಒಲೆ ನನ್ನ ಪಕ್ಕದಲ್ಲೇ ಹೂಡ್ಲಾ?"

ಗ್ರೀಷ್ಮಾ ಕೊಡ ಕೆಳಗಿಟ್ಟಳು. "ಬೇಡ ಆಂಟಿ. ನಾನು ಯಾವತ್ತೂ ಪೊಂಗಾಲ ಇಟ್ಟಿಲ್ಲ. ನನಗೆ ದೇವರಲ್ಲಿ ನಂಬಿಕೆ ಇಲ್ಲ."

ವಿನೋದಮ್ಮನ ಕೈಯಲ್ಲಿದ್ದ ಇಟ್ಟಿಗೆ ಅಲ್ಲೇ ನಿಂತಿತು. ಅದನ್ನು ಕೆಳಗಿಟ್ಟು, "ಅಯ್ಯೋ ಪಾಪ," ಅಂದರು. "ತಾಯಿ ಮೊದಲೇ ಇಲ್ಲ, ತಂದೇನೂ ಹೋದ್ರು. ಮನಸ್ಸಿಗೆ ನೆಮ್ಮದಿ ಹೇಗಮ್ಮ ನಿನಗೆ?"

ಆ 'ಪಾಪ' ಅವಳಿಗೆ ಚುರ್ರೆಂದಿತು.

"ಪಾಪ ಅನ್ಬೇಡಿ ಆಂಟಿ. ಅಪ್ಪ ಹೋದ್ಮೇಲೆ ಬಹಳ ದಿನ ನಿದ್ದೆ ಬರಲಿಲ್ಲ. ಅಳು ಬಂದಾಗ ಅತ್ತೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದೆ. ಒಂದಿನ ಸಾರಿಗೆ ಒಗ್ಗರಣೆ ಹಾಕ್ತಾ ಹಾಡು ಗುನುಗ್ತಾ ಇದೀನಿ ಅಂತ ನನಗೇ ಗೊತ್ತಾಯ್ತು. ನೆಮ್ಮದಿ ಹಾಗೇ ಬಂತು, ಹೇಳದೆ ಕೇಳದೆ. ಈ ಅಜ್ಜಿಗೆ ನೀರು ಬೇಕು, ನನ್ನ ಬಾವೀಲಿ ನೀರಿದೆ. ಇವತ್ತು ನಾನು ಯಾಕೆ ಬದುಕಿರ್ಬೇಕು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಡ."

ವಿನೋದಮ್ಮ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು.

"ಅವಳಿಗೆ ದೇವರಿಲ್ಲ, ಮುಖಕ್ಕೆ ನಿಜ ಹೇಳಿದ್ಲು. ನಿನಗೆ ಇದಾನಲ್ಲೋ! ಅಮ್ಮನವರ ಹಬ್ಬದ ಹೆಸರಲ್ಲೇ ನನಗೆ ಸುಳ್ಳು ಹೇಳ್ದೆಯಲ್ಲ!"

ಎರಡು ಮಡಕೆಯಲ್ಲೂ ಅವರೇ ಅನ್ನ ಬೇಯಿಸಿದರು. ಸಂಜೆ ಹೊರಡುವಾಗ ಒಪ್ಪಿಗೆ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಚಿನ್ಮಯ್ ಗೇಟಿನ ಬಳಿ ತಡೆದು ನಿಂತ.

"ಶನಿವಾರ ಬರ್ಲಾ?"

"ಬೇಡ. ನಾಲ್ಕು ಜನರ ಮುಂದೆ ನಾನು ಎಂಥವಳು ಅಂತ ಹೇಳೋ ಧೈರ್ಯ ಬಂದಾಗ ಫೋನ್ ಮಾಡು," ಅಂದಳು. ಅವನ ಹಣೆಗೆ ಹತ್ತಿದ್ದ ಮಸಿ ಒರೆಸಲು ಕೈ ತವಕಿಸುತ್ತಿತ್ತು. ಒರೆಸಲಿಲ್ಲ.

ಮುಂದಿನ ಶನಿವಾರ ಸ್ಟೇಷನ್ನಿಗೆ ಓಡುವ ಕೆಲಸವಿರಲಿಲ್ಲ. ಅದರ ಮುಂದಿನದ್ದೂ ಹಾಗೇ ಕಳೆಯಿತು. ನೆಮ್ಮದಿಯ ಬಗ್ಗೆ ಅಷ್ಟು ದೊಡ್ಡದಾಗಿ ಮಾತಾಡಿದವಳು ದಿಂಬಿಗೆ ಮುಖ ಒತ್ತಿ ಅತ್ತಳು. ಅವನ ಮೇಲಿನ ಸಿಟ್ಟಿಗೋ, ಅವನಿಲ್ಲದ್ದಕ್ಕೋ, ಎರಡಕ್ಕೂ.

ಕೊನೆಗೊಮ್ಮೆ ಎಸ್‌ಟಿಡಿ ಬೂತಿನಿಂದ ಫೋನ್ ಬಂತು. "ಭಾನುವಾರ ಕಲೂರಿಗೆ ಬಾ. ಮನೆಗೆ ಸಂಘದವರು ಬರ್ತಾರೆ."

ಅವಳು ಹೋದಾಗ ಹಾಲ್ ತುಂಬ ಜನ. ಪಾಲಾರಿವಟ್ಟಂನಿಂದ ಬಂದಿದ್ದ ಕುಸುಮಾವತಿಯವರು ಅವಳನ್ನು ತಲೆಯಿಂದ ಕಾಲಿನವರೆಗೂ ಅಳೆದು, "ವ್ರತ ಗಿತ ಎಲ್ಲ ಮಾಡ್ತೀಯೇನಮ್ಮ?" ಅಂದರು.

ಗ್ರೀಷ್ಮಾ ಚಿನ್ಮಯ್ ಕಡೆ ನೋಡಿದಳು. ಅವನು ಎದ್ದು ನಿಂತ.

"ಇಲ್ಲ ಆಂಟಿ. ಅವಳು ದೇವರನ್ನ ನಂಬಲ್ಲ. ನಂಬ್ತಾಳೆ ಅಂತ ಅಮ್ಮನಿಗೆ ಸುಳ್ಳು ಹೇಳಿದ್ದು ನಾನು, ಹೇಡಿ ಹಾಗೆ. ನಾನು ನಂಬ್ತೀನಿ, ಅದು ನನ್ನ ಪಾಡು. ಅವಳು ಒಪ್ಪಿದ್ರೆ ರಿಜಿಸ್ಟರ್ ಮದುವೆ. ಅವಳು ಹೇಗಿದಾಳೋ ಹಾಗೇ ಬೇಕು ನನಗೆ."

ಕುಸುಮಾವತಿ ಕಣ್ಣು ಕಣ್ಣು ಬಿಟ್ಟರು. "ರಾಮಾ! ನಾಳೆ ಕಷ್ಟ ಅಂತ ಬಂದ್ರೆ ಏನ್ ಮಾಡ್ತಾಳೆ?"

"ಏನ್ ಮಾಡ್ತಾಳೆ!" ವಿನೋದಮ್ಮ ಅಡುಗೆಮನೆಯಿಂದಲೇ ಸಿಡುಕಿದರು. "ಅಳ್ತಾಳೆ, ಎದ್ದು ಅಡುಗೆ ಮಾಡ್ತಾಳೆ. ನಮ್ಮ ಯಜಮಾನ್ರು ಹೋದಾಗ ನಾನೇನು ಬೇರೆ ಮಾಡಿದ್ನಾ ಕುಸುಮಾ?"

ಚಿನ್ಮಯ್ ಅಷ್ಟು ಜನರ ನಡುವೆ ಗ್ರೀಷ್ಮಾಳ ಮುಂದೆ ಬಂದು ನಿಂತ. ಈ ಸಲ ಯಾವ ಮರೆಯೂ ಇಲ್ಲದೆ, ಎರಡೂ ಕಣ್ಣು ತುಂಬ ನೋಡಿ ಕೇಳಿದ.

"ಒಪ್ತೀಯಾ?"

ಅವಳಿಗೆ ಇನ್ನೂ ಸಿಟ್ಟಿತ್ತು. ಆ ಸಿಟ್ಟಿನಲ್ಲೇ, ಅಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ, "ಹೂಂ" ಅಂದಳು.