ವೇರ್ಲೆಯ ಗಾಲಿಗಳ ಗಾಳಿ

ಕರ್ಪೂರ ಕರಗಿಸಿದ ಎಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಅವತ್ತು ಭಾನುವಾರವೆಂದೇ ಅನಿಸುತ್ತದೆ. ನಾನು ಆರೇಳು ವರ್ಷದವಳಿದ್ದಾಗ ಅಪ್ಪ ಸೈಕಲ್ ಪಂದ್ಯಕ್ಕೆ ಹೊರಡುವ ಮುನ್ನ ಒಲೆಯ ಪಕ್ಕ ಕುಳಿತು ಅದನ್ನು ಕಾಲಿಗೆ ತಿಕ್ಕಿಕೊಳ್ಳುತ್ತಿದ್ದ. ಅಮ್ಮ ವಾಸನೆ ತಡೆಯಲಾರದೆ ಕಿಟಕಿ ತೆರೆಯುತ್ತಿದ್ದಳು, ಆಮೇಲೆ ಅವನಿಗೆ ಚಳಿಯಾದೀತೆಂದು ತಾನೇ ಮುಚ್ಚುತ್ತಿದ್ದಳು. ಕಳೆದ ನವೆಂಬರಿನ ಒಂದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ, ಗೆಳತಿ ಯೋಲಾಂಡ್ ಜೊತೆ ನಮ್ಮ ಫ್ಲಾಂಡರ್ಸ್ ಸೀಮೆಯ ಹಾಜೆಲ್‌ಡೋಂಕ್ ಹುಲ್ಲುಗಾವಲಿನ ಗೇಟು ದಾಟಿದಾಗ ಮೊದಲು ಎದುರಾದದ್ದು ಅದೇ ವಾಸನೆ. ಎರಡನೆಯದಾಗಿ ಎದುರಾದವಳು ವೇರ್ಲೆ.

"ಯೋಲಾಂಡಕ್ಕ, ನನ್ನ ಸೈಕಲ್ ಗಾಳಿ ಯಾರೋ ತೆಗ್ದಿದಾರೆ. ಎರಡು ಸೈಕಲ್ಲು, ನಾಲ್ಕು ಚಕ್ರ, ನಾಲ್ಕೂ ಮೆತ್ತಗೆ" ಎಂದಳು.

ವೇರ್ಲೆ ನಮ್ಮ ಊರಿನ ಅಂಚೆಯವಳು. ವಯಸ್ಸು ನಲವತ್ತಾರು. ಹನ್ನೊಂದು ವರ್ಷದಿಂದ ನಮ್ಮ ಕ್ಲಬ್ಬಿನ ಹೆಂಗಸರ ಪಂದ್ಯದಲ್ಲಿ ಓಡಿಸುತ್ತಿದ್ದಳು, ಒಮ್ಮೆಯೂ ವರ್ಷದ ಪಟ್ಟ ಸಿಕ್ಕಿರಲಿಲ್ಲ. ಅಂದು ಮಧ್ಯಾಹ್ನ ಎರಡಕ್ಕೆ ಆ ವರ್ಷದ ಕೊನೆಯ ಪಂದ್ಯ. ಅಂಕಪಟ್ಟಿಯಲ್ಲಿ ಅವಳೇ ಮೊದಲು, ಎರಡೇ ಅಂಕ ಹಿಂದೆ ಹನ್ನೆಲೋರ್ ಎಂಬ ಹೊಸ ಹುಡುಗಿ.

ಯೋಲಾಂಡ್ ಏನೂ ಆತುರ ತೋರಿಸಲಿಲ್ಲ. ಮೂವತ್ತೆಂಟು ವರ್ಷ ಊರಿನ ಮನೆ ಮನೆಗೆ ಹೋಗಿ ಸೂಜಿ ಚುಚ್ಚಿ ಗಾಯಕ್ಕೆ ಪಟ್ಟಿ ಕಟ್ಟಿದ ನರ್ಸು ಅವಳು. ಯಾರ ಮನೆಯಲ್ಲಿ ಯಾವ ಬಾಗಿಲು ಕಿರುಗುಟ್ಟುತ್ತದೆ ಎಂಬುದೂ ಅವಳಿಗೆ ಗೊತ್ತು. ನಿವೃತ್ತಿಯಾದ ಮೇಲೆ ಊರಿನಲ್ಲಿ ಏನು ಕಳೆದರೂ, ಯಾರು ಯಾರ ಮೇಲೆ ದೂರು ಹೇಳಿದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಕಾಲೇಜಿನಿಂದಲೂ ಅವಳ ಗೆಳತಿಯಾದ ನಾನು ಹಿಂದೆ ಹಿಂದೆ ಹೋಗಿ ನೋಡಿದ್ದನ್ನೆಲ್ಲ ಬರೆದಿಡುತ್ತಿದ್ದೆ.

"ಮತ್ತೆ ಗಾಳಿ ಹಾಕಿದ್ಯಾ?" ಯೋಲಾಂಡ್ ಕೇಳಿದಳು.

"ಇಲ್ಲ. ಫೆರ್ನಾಂದ್ ಮುಟ್ಟಬೇಡ ಅಂದ್ರು. ಕಳ್ಳಿ ಯಾರು ಅಂತ ಅವ್ರಿಗೆ ಗೊತ್ತಂತೆ."

ಫೆರ್ನಾಂದ್ ನಮ್ಮ ಕ್ಲಬ್ಬಿನ ಅಧ್ಯಕ್ಷ. ಹೆಸರಿನ ಪಟ್ಟಿ ಸಿಕ್ಕಿಸಿದ ಹಲಗೆಯನ್ನು ಎದೆಗೆ ಅವಚಿಕೊಂಡು, ಸೈಕಲ್ ಒರಗಿಸುವ ಕಂಬಿಯ ಪಕ್ಕ ಕಾವಲು ನಿಂತಿದ್ದ. ಒಂಬತ್ತೂಮುಕ್ಕಾಲಿಗೆ ಹನ್ನೆಲೋರ್ ಅಲ್ಲಿ ಬಗ್ಗಿ ವೇರ್ಲೆಯ ಚಕ್ರದ ಮೇಲೆ ಕೈ ಇಟ್ಟಿದ್ದನ್ನು ಕಣ್ಣಾರೆ ನೋಡಿದೆನೆಂದ. ಕೇಳಿದರೆ ಅವಳು ಕೆಂಪಾಗಿ, ಸುಮ್ಮನೆ ನೋಡುತ್ತಿದ್ದೆ ಎಂದಳಂತೆ. ಬೇರೆಯವರ ಸೈಕಲ್ಲನ್ನು ಅವರ ಒಪ್ಪಿಗೆಯಿಲ್ಲದೆ ಮುಟ್ಟಿದವರಿಗೆ ಕ್ಲಬ್ಬಿನಲ್ಲಿ ಜಾಗವಿಲ್ಲ ಎಂಬುದು ಅವನ ಅಪ್ಪನ ಕಾಲದ ನಿಯಮ. ಹುಡುಗಿ ಪಂದ್ಯಕ್ಕೆ ನಿಲ್ಲುವ ಹಾಗಿಲ್ಲ, ಇವತ್ತೇ ಅವಳ ಹೆಸರು ಹೊಡೆಯುತ್ತೇನೆ ಎಂದು ಪೆನ್ನು ತೆಗೆದ.

"ಪೆನ್ನು ಜೇಬಲ್ಲಿ ಇಡು ಫೆರ್ನಾಂದ್. ಒಂದೂವರೆ ತನಕ ಸಮಯ ಕೊಡು."

"ನಾನೇ ನೋಡಿದೀನಿ ಅಂತ ಹೇಳ್ತಿಲ್ವಾ?"

"ನಿನ್ನ ಸೊಂಟದಲ್ಲಿ ಮುಳ್ಳು ಮುರ್ದಿದೆ ಅಂತಾನೂ ನೀನೇ ಹೇಳಿದ್ದೆ. ನೋಡಿದ್ರೆ ಪ್ಯಾಂಟಲ್ಲಿ ಸೂಜಿ ಇತ್ತು."

ಸುತ್ತ ನಿಂತವರು ನಕ್ಕರು. ಫೆರ್ನಾಂದ್ ಪೆನ್ನು ಒಳಗಿಟ್ಟ.

ಯೋಲಾಂಡ್ ಅವನಿಂದಲೇ ಗಾಳಿ ಅಳೆಯುವ ಮೀಟರ್ ಇಸಿದುಕೊಂಡು ವೇರ್ಲೆಯ ಸೈಕಲ್ಲುಗಳ ಬಳಿ ಮಂಡಿಯೂರಿದಳು. ಮುಂದಿನ ಚಕ್ರ ಒಂದು ಪಾಯಿಂಟ್ ಮೂರು, ಹಿಂದಿನದು ಒಂದು ಪಾಯಿಂಟ್ ನಾಲ್ಕು; ನಮ್ಮವರ ಬಾಯಲ್ಲಿ ಹದಿಮೂರು, ಹದಿನಾಲ್ಕು. ಎರಡನೆಯ ಸೈಕಲ್ಲಿನಲ್ಲೂ ಕೂದಲೆಳೆ ವ್ಯತ್ಯಾಸವಿಲ್ಲದೆ ಅಷ್ಟೇ. ಬೆಳಗ್ಗೆ ಮನೆಯಲ್ಲಿ ಒಂದು ಪಾಯಿಂಟ್ ಎಂಟು, ಒಂಬತ್ತು ಹಾಕಿಕೊಂಡು ಬಂದಿದ್ದೆ ಎಂದು ವೇರ್ಲೆ ಹೇಳಿದಳು. ನಾಲ್ಕು ಚಕ್ರದ ಗಾಳಿ ಬಾಯಿಯ ಪುಟ್ಟ ಮುಚ್ಚಳಗಳೂ ಬಿಗಿಯಾಗಿ ತಿರುಗಿಸಿದಂತೆಯೇ ಇದ್ದವು.

"ಮರಿಯೆಟ್, ಈ ಹಲಗೆ ನೋಡು" ಎಂದು ಅವಳು ನನ್ನನ್ನು ಕರೆದಳು.

ಕಂಬಿಯ ಮುಂದೆ ಉದ್ದಕ್ಕೆ ಮರದ ಹಲಗೆ ಹಾಸಿದ್ದರು. ಕೊಟ್ಟಿಗೆಯ ನೆರಳಿನ ಜಾಗವಾದ್ದರಿಂದ ಅಲ್ಲಿ ಬೆಳಗಿನ ಇಬ್ಬನಿ ಹೆಪ್ಪುಗಟ್ಟಿ ಇನ್ನೂ ಹಿಟ್ಟು ಚೆಲ್ಲಿದಂತೆ ಬೆಳ್ಳಗಿತ್ತು, ಅದರ ಮೇಲೆ ಹತ್ತಾರು ಹೆಜ್ಜೆಗಳು. ವೇರ್ಲೆಯ ಸೈಕಲ್ಲುಗಳ ಎದುರಿನ ಎರಡು ಹೆಜ್ಜೆಗಳು ಮಾತ್ರ ಬೇರೆ ಥರ ಇದ್ದವು. ಅಲ್ಲಿ ಬಿಳಿ ಪುಡಿಯಿರಲಿಲ್ಲ, ಗಾಜಿನಂಥ ತೆಳುವಾದ ಐಸು ಬೂಟಿನ ಆಕಾರದಲ್ಲೇ ಕೂತಿತ್ತು. ನಾನು ಅದನ್ನು ಚೀಟಿಯಲ್ಲಿ ಬರೆದುಕೊಂಡೆ. ಅರ್ಥವಾಯಿತೆಂದು ಹೇಳಲಾರೆ.

ಹನ್ನೆಲೋರ್ ತನ್ನ ಕಾರಿನೊಳಗೆ ಬಾಗಿಲು ತೆರೆದಿಟ್ಟುಕೊಂಡು ಕುಳಿತಿದ್ದಳು. ಗೆಂಟ್ ನಗರದಿಂದ ಬಂದ ದನದ ಡಾಕ್ಟರು, ಇಪ್ಪತ್ತೊಂಬತ್ತರ ಹುಡುಗಿ. ನಮ್ಮೂರಿಗೆ ಬಂದು ಹತ್ತು ತಿಂಗಳಾಗಿತ್ತು. ಊರಿನ ದನಗಳೆಲ್ಲ ಪರಿಚಯವಾಗಿವೆ, ಜನರ ಪರಿಚಯವಾದದ್ದು ಈ ಕ್ಲಬ್ಬಿನಿಂದಲೇ ಎಂದು ಒಮ್ಮೆ ನನ್ನ ಬಳಿ ಹೇಳಿಕೊಂಡಿದ್ದಳು. ಬೆನ್ನಿನ ಮೇಲಿನ ಪಂದ್ಯದ ನಂಬರು ಸೊಟ್ಟಗಿತ್ತು. ಅದನ್ನು ನಮಗೆ ನಾವೇ ಚುಚ್ಚಿಕೊಳ್ಳಲಾಗುವುದಿಲ್ಲ, ಇನ್ನೊಬ್ಬರು ಬೇಕು. ಅವಳು ಯಾರನ್ನೂ ಕೇಳಿರಲಿಲ್ಲ. ನಾನು ಪಿನ್ನು ಬಿಚ್ಚಿ ನೆಟ್ಟಗೆ ಮಾಡಲು ಹೋದೆ.

"ಬೇಡ ಅಮ್ಮ. ಹೇಗಿದ್ರೂ ಬಿಚ್ಚಬೇಕಲ್ಲ" ಎಂದಳು.

"ಬಿಚ್ಚೋವಾಗ ನೋಡೋಣ, ಈಗ ನೆಟ್ಟಗೆ ಕೂತ್ಕೊ" ಎಂದೆ.

ಅವಳ ಸೈಕಲ್ಲುಗಳ ಗಾಳಿಯನ್ನು ಅಳೆಯಬಹುದೇ ಎಂದು ಯೋಲಾಂಡ್ ಅವಳ ಒಪ್ಪಿಗೆ ಕೇಳಿಯೇ ಅಳೆದಳು. ಮುಂದೆ ಒಂದು ಪಾಯಿಂಟ್ ಎಂಟು, ಹಿಂದೆ ಒಂಬತ್ತಕ್ಕೆ ಸ್ವಲ್ಪ ಕಡಿಮೆ. ಮೀಟರನ್ನು ನನಗೂ ತೋರಿಸಿದಳು. ಹುಡುಗಿಯ ಕೈಗೆ ಬಿಸಿ ಕಾಫಿ ಕೊಟ್ಟು, ಎಷ್ಟು ಹೊತ್ತಿಗೆ ಗಾಳಿ ಹಾಕಿಕೊಂಡೆ ಎಂದಷ್ಟೇ ವಿಚಾರಿಸಿದಳು. ಇಲ್ಲಿಗೆ ಬಂದ ಮೇಲೆ, ಹತ್ತು ಗಂಟೆಗೆ ಎಂದು ಅವಳು ನೆಲ ನೋಡುತ್ತ ಉತ್ತರಿಸಿದಳು.

ಆಮೇಲೆ ಯೋಲಾಂಡ್ ನನ್ನನ್ನು ಸೈಕಲ್ ತೊಳೆಯುವ ಕಡೆಗೆ ಅಟ್ಟಿದಳು. ಹುಲ್ಲು, ಕೆಸರು, ದಿಬ್ಬಗಳ ಮೇಲೆ ಸುತ್ತು ಹಾಕುವ ನಮ್ಮ ಪಂದ್ಯದಲ್ಲಿ ಒಬ್ಬೊಬ್ಬರಿಗೂ ಎರಡು ಸೈಕಲ್ಲು. ಒಂದು ಕೆಸರು ತುಂಬಿ ಭಾರವಾದರೆ ಅದನ್ನು ಬಿಟ್ಟು ಇನ್ನೊಂದನ್ನು ಹತ್ತಿ ಹೋಗುತ್ತಾರೆ. ಬಿಟ್ಟದ್ದನ್ನು ಅವರವರ ಜೊತೆಗಾರರು ಓಡಿಹೋಗಿ ತೊಳೆದು, ಮುಂದಿನ ಸುತ್ತಿಗೆ ಹಿಡಿದು ನಿಲ್ಲುತ್ತಾರೆ. ವೇರ್ಲೆಯ ಸೈಕಲ್ಲನ್ನು ಹತ್ತು ವರ್ಷ ಹಾಗೆ ಹಿಡಿದವನು ಅವಳ ಅಣ್ಣ ಲುದೋ. ಹೋದ ವರ್ಷದ ಕೊನೆಯ ಪಂದ್ಯದಲ್ಲಿ ಅವನು ಗಾಳಿ ಕಡಿಮೆ ಮಾಡು ಎಂದ, ಅವಳು ಆಗಲ್ಲ ಎಂದಳು, ತಿರುವಿನಲ್ಲಿ ಜಾರಿಬಿದ್ದು ಪಟ್ಟ ಕಳೆದುಕೊಂಡಳು. ಸೋತದ್ದು ಗಾಳಿಯಿಂದ ಎಂದು ಅವನು, ನೀನು ತೊಳೆದದ್ದು ನಿಧಾನ ಎಂದು ಇವಳು. ಅಂದಿನಿಂದ ಮಾತಿಲ್ಲ. ನಮ್ಮ ಫ್ಲಾಂಡರ್ಸಿನಲ್ಲಿ ಆಸ್ತಿಗಾಗಿ ಜಗಳವಾಡಿದವರು ಒಂದು ತಿಂಗಳಲ್ಲಿ ರಾಜಿಯಾಗುವುದನ್ನು ನೋಡಿದ್ದೇನೆ, ಟೈರಿನ ಗಾಳಿಗಾಗಿ ಆಡಿದವರದ್ದು ಅಷ್ಟು ಸುಲಭವಲ್ಲ. ಆದರೂ ಲುದೋ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ತಂಗಿಯ ಕಡೆ ತಿರುಗದೆ, ಮಕ್ಕಳ ಪಂದ್ಯದ ಸೈಕಲ್ಲುಗಳನ್ನೆಲ್ಲ ತಾನೇ ತೊಳೆದುಕೊಡುತ್ತಿದ್ದ.

ಅಂದೂ ಒಂಬತ್ತರಿಂದ ಅವನೊಬ್ಬನೇ ನೀರಿನ ಪೈಪು ಹಿಡಿದಿದ್ದ. ನೆಲ ಕಲ್ಲಿನಂತಿದ್ದರೂ ಕೊಳದ ಪಕ್ಕದ ಕೆಸರು ಮಾತ್ರ ಗಟ್ಟಿಯಾಗಿರಲಿಲ್ಲ. ಮಕ್ಕಳು ಅದರಲ್ಲೇ ಹೊರಳಿ ಬಂದಿದ್ದರು. ಮೋಟರಿನ ಗದ್ದಲದಲ್ಲಿ ಅವನಿಗೆ ನನ್ನ ಮಾತು ಮೂರನೆಯ ಸಲ ಕೇಳಿಸಿತು. ಯೋಲಾಂಡ್ ಹೇಳಿಕೊಟ್ಟ ಒಂದೇ ಪ್ರಶ್ನೆ ಕೇಳಿದೆ. ಎರಡು ಗಂಟೆಗೆ ಹುಲ್ಲುಗಾವಲು ಹೇಗಿರುತ್ತೆ?

"ಈಗ ಕಲ್ಲು. ಹನ್ನೆರಡಕ್ಕೆ ಬಿಸಿಲು ಬೀಳುತ್ತೆ, ಎರಡಕ್ಕೆ ಬೆಣ್ಣೆ ಆಗಿರುತ್ತೆ" ಎಂದ. "ಗಾಳಿ ಜಾಸ್ತಿ ಇದ್ದೋರು ಬೆಣ್ಣೆ ಮೇಲೆ ಕೂತ್ಕೊಂಡೇ ಮನೆಗೆ ಹೋಗ್ತಾರೆ."

ಒಂದೂಕಾಲಿಗೆ ಯೋಲಾಂಡ್ ಎಲ್ಲರನ್ನೂ ಕಂಬಿಯ ಬಳಿ ಸೇರಿಸಿದಳು. ವೇರ್ಲೆ, ಫೆರ್ನಾಂದ್, ಹನ್ನೆಲೋರ್, ಉಳಿದ ಹದಿನಾಲ್ಕು ಹೆಂಗಸರು. ಪೈಪು ನಿಲ್ಲಿಸಿ ಲುದೋನನ್ನೂ ಬರಹೇಳಿದಳು. ಅವನು ಹಿಂದೆ, ಕೊಟ್ಟಿಗೆಯ ಗೋಡೆಗೆ ಒರಗಿ ನಿಂತ. ಬಿಸಿಲು ಬಂದಿತ್ತು, ಎಲ್ಲರ ಬಾಯಿಂದಲೂ ಹಬೆ.

"ಮೊದಲು ಗಾಳಿ ವಿಷಯ" ಎಂದಳು ಯೋಲಾಂಡ್. "ಹೊಟ್ಟೆಕಿಚ್ಚಿಗೆ ಗಾಳಿ ಬಿಡೋರು ಪೂರ್ತಿ ಬಿಡ್ತಾರೆ, ಇಲ್ಲ ಮೊಳೆ ಚುಚ್ತಾರೆ. ಇಲ್ಲಿ ಮುಂದೆ ಹದಿಮೂರಾದ್ರೆ ಹಿಂದೆ ಹದಿನಾಲ್ಕು, ಎರಡು ಸೈಕಲ್ಲಲ್ಲೂ ಒಂದೇ ಲೆಕ್ಕ. ಮುಗಿಸಿ ಮುಚ್ಚಳ ಬೇರೆ ಬಿಗಿ ಮಾಡಿದಾರೆ. ನಾನು ಇಂಜೆಕ್ಷನ್ ಕೊಟ್ಟ ಮೇಲೆ ಹತ್ತಿ ಒತ್ತೋ ಹಾಗೆ. ಕೆಡಿಸೋಕೆ ಬಂದ ಕೈ ಅಲ್ಲ ಇದು, ನೋಡ್ಕೊಳ್ಳೋ ಕೈ."

ಫೆರ್ನಾಂದ್ ಗಂಟಲು ಸರಿಮಾಡಿಕೊಂಡು, ಹಾಗಾದರೆ ತಾನು ನೋಡಿದ್ದು ಸುಳ್ಳೇ ಎಂದು ಕೇಳಿದ.

"ನೋಡಿದ್ದು ನಿಜ, ತಿಳ್ಕೊಂಡಿದ್ದು ತಪ್ಪು. ಹನ್ನೆಲೋರ್, ನೀನೇ ಹೇಳ್ತೀಯಾ?"

ಹುಡುಗಿಯ ಕಿವಿ ಕೆಂಪಾಯಿತು. "ಹೆಬ್ಬೆಟ್ಟಲ್ಲಿ ಒತ್ತಿ ನೋಡ್ದೆ" ಎಂದಳು. "ವೇರ್ಲೆ ಎಷ್ಟು ಗಾಳಿ ಹಾಕ್ತಾರೋ ಅಷ್ಟೇ ಹಾಕೋಣ ಅಂತ. ನಂಗೆ ಈ ನೆಲ ಗೊತ್ತಾಗಲ್ಲ."

ಹೆಂಗಸರ ನಡುವೆ ಒಂದು ಗುಸುಗುಸು ಎದ್ದಿತು. ನಮ್ಮಲ್ಲಿ ಇನ್ನೊಬ್ಬರ ಟೈರು ಒತ್ತಿ ನೋಡುವುದೆಂದರೆ ಪಕ್ಕದ ಮನೆಯವರ ಪಾತ್ರೆಯ ಮುಚ್ಚಳ ತೆರೆದು ಇಣುಕಿದಂತೆ. ಸಿಕ್ಕಿಬಿದ್ದವರು ಒಪ್ಪಿಕೊಳ್ಳುವುದಕ್ಕಿಂತ ಊರು ಬಿಡುವುದೇ ವಾಸಿ ಅಂದುಕೊಳ್ಳುತ್ತಾರೆ.

"ಅವಳ ಸೈಕಲ್ಲೇ ಸಾಕ್ಷಿ" ಎಂದು ಯೋಲಾಂಡ್ ಮುಂದುವರಿಸಿದಳು. "ಹತ್ತು ಗಂಟೆಗೆ ಅವಳು ಹಾಕ್ಕೊಂಡ ಗಾಳಿ ಬೆಳಗ್ಗೆ ವೇರ್ಲೆ ಮನೇಲಿ ಹಾಕಿದಷ್ಟೇ ಇದೆ. ಅಂದ್ರೆ ಅವಳು ಒತ್ತಿದಾಗ ವೇರ್ಲೆ ಚಕ್ರ ಗಟ್ಟಿಯಾಗೇ ಇತ್ತು. ಒತ್ತಿದ ಮೇಲೆ ಅವಳೇ ಬಿಟ್ಲು ಅಂತೀರಾ? ಹದಿಮೂರು ಹದಿನಾಲ್ಕು ಇವತ್ತಿನ ನೆಲಕ್ಕೆ ಸರಿ ಅಂತ ಗೊತ್ತಿದ್ರೆ ತನ್ನದಕ್ಕೂ ಅಷ್ಟೇ ಮಾಡ್ಕೋತಿದ್ಲು. ಬೇರೆಯವರ ಗಾಲಿ ಸರಿಮಾಡಿ, ತಾನು ಕಲ್ಲಿನಂಥ ಟೈರಲ್ಲಿ ಬೆಣ್ಣೆಗೆ ಇಳಿಯೋ ಅಷ್ಟು ಪುಣ್ಯಾತ್ಗಿತ್ತಿ ಈ ಕ್ಲಬ್ಬಲ್ಲಿ ಇಲ್ಲ."

ಎಲ್ಲರೂ ನಕ್ಕರು. ವೇರ್ಲೆ ಮಾತ್ರ ನಗಲಿಲ್ಲ, ತನ್ನ ಮುಂದಿನ ಚಕ್ರವನ್ನೇ ನೋಡುತ್ತಿದ್ದಳು. ನೆಲದ ಮೇಲಿನ ಹುಲ್ಲು ಆಗಲೇ ಅವಳ ಕಾಲಡಿ ಪಿಚಪಿಚ ಅನ್ನುತ್ತಿತ್ತು.

"ಒಂಬತ್ತೂಮುಕ್ಕಾಲಿಂದ ಹನ್ನೊಂದರ ಒಳಗೆ ಇಲ್ಲಿ ನಿಂತವರ ಬೂಟು ಒದ್ದೆ ಇತ್ತು. ಒಣಗಿದ ಬೂಟಾದ್ರೆ ಇಬ್ಬನಿ ಬರೀ ತುಳಿದುಹೋಗುತ್ತೆ. ಒದ್ದೆ ಬೂಟಲ್ಲಿ ಸ್ವಲ್ಪ ಹೊತ್ತು ನಿಂತರೆ ನೀರು ಇಳಿದು ಗಾಜಿನ ಹಾಗೆ ಹೆಪ್ಪುಗಟ್ಟುತ್ತೆ. ಆ ಗುರುತು ಮರಿಯೆಟ್ ಬರ್ಕೊಂಡಿದಾಳೆ. ಇವತ್ತು ಬೆಳಗ್ಗೆ ನೀರಲ್ಲಿ ನಿಂತಿದ್ದವರು ಒಬ್ಬರೇ. ಮೀಟರ್ ಫೆರ್ನಾಂದ್ ಜೇಬಲ್ಲಿತ್ತು, ಆದ್ರಿಂದ ಬರೀ ಬೆರಳಲ್ಲೇ ನಾಲ್ಕು ಚಕ್ರನೂ ಸಮ ಮಾಡಿದಾರೆ. ಈ ನೆಲ ಎರಡು ಗಂಟೆಗೆ ಏನಾಗುತ್ತೆ ಅಂತ ಹನ್ನೊಂದಕ್ಕೇ ಬಲ್ಲವರು. ಕೇಳಿದ್ರೆ ಬೇಡ ಅಂತಾಳೆ ಅಂತ ಗೊತ್ತಿದ್ದೇ, ಕೇಳದೆ ಮಾಡಿದವರು."

ಯೋಲಾಂಡ್ ಅಲ್ಲಿಗೆ ನಿಲ್ಲಿಸಿದಳು. ಹೆಸರನ್ನು ಅವಳು ಹೇಳಲಿಲ್ಲ. ಹೇಳಬೇಕಾದವರಿಗೆ ಆ ಅವಕಾಶ ಬಿಡುವುದು ಅವಳ ಹಳೆಯ ಪದ್ಧತಿ.

ಗೋಡೆಯ ಬಳಿಯಿಂದ ಲುದೋ ಮುಂದೆ ಬಂದ. ಅವನು ಮೊದಲು ಹೋದದ್ದು ಹನ್ನೆಲೋರ್ ಹತ್ತಿರ. "ನಾನೇ ಮಾಡಿದ್ದು. ನಿನ್ನ ತಲೆಗೆ ಕಟ್ಟಿದಾರೆ ಅಂತ ಆ ಮೋಟರ್ ಸದ್ದಲ್ಲಿ ಗೊತ್ತೇ ಆಗ್ಲಿಲ್ಲ ಕಣಮ್ಮ. ತಪ್ಪಾಯ್ತು" ಎಂದ. ಆಮೇಲೆ ತಂಗಿಯ ಕಡೆ ತಿರುಗಿದ. ವರ್ಷದ ಮೇಲೆ ಆಡಿದ ಮೊದಲ ಮಾತು ಹೀಗಿತ್ತು:

"ಹದಿಮೂರು, ಹದಿನಾಲ್ಕು. ಹೋದ ವರ್ಷನೂ ಅಷ್ಟೇ ಅಂದಿದ್ದೆ."

"ಕೇಳ್ಬಹುದಿತ್ತಲ್ಲ" ಎಂದಳು ವೇರ್ಲೆ.

"ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಮತ್ತೆ?"

ವೇರ್ಲೆ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿದಳು, ಇನ್ನೊಮ್ಮೆ ಒತ್ತಿದಳು. "ಸರಿಯಾಗೇ ಇದೆ" ಎಂದು ಗೊಣಗಿದಳು. ಆ ಎರಡು ಪದಗಳಿಗೆ ಅವಳಿಗೆ ಎಷ್ಟು ಕಷ್ಟವಾಯಿತೆಂದು ಅವಳ ಮುಖ ನೋಡಿದವರಿಗೆಲ್ಲ ತಿಳಿಯಿತು.

ಫೆರ್ನಾಂದ್‌ಗೆ ನಿಯಮದ ಚಿಂತೆ ಹತ್ತಿತ್ತು. ಒಪ್ಪಿಗೆಯಿಲ್ಲದೆ ಮುಟ್ಟಿದ್ದಾನಲ್ಲ, ಈಗ ಲುದೋನ ಹೆಸರು ಹೊಡೆಯಬೇಕೇ ಎಂದು ಹಲಗೆಯ ಕಾಗದ ತಿರುವಿದ.

"ಇವನು ನನ್ನ ಜೊತೆಗಾರ" ಎಂದಳು ವೇರ್ಲೆ. "ಹನ್ನೊಂದು ವರ್ಷದ ಹಿಂದೆ ಒಪ್ಪಿಗೆ ಕೊಟ್ಟಿದ್ದೆ, ವಾಪಸ್ ತಗೊಂಡಿಲ್ಲ. ಮಾತು ಬಿಟ್ಟಿದ್ದೆ ಅಷ್ಟೇ. ಇನ್ನು ಈ ಹುಡುಗಿ ಟೈರ್ ಒತ್ತಿದ್ದಕ್ಕೂ ನನ್ನ ಒಪ್ಪಿಗೆ ಇದೆ ಅಂತ ಬರ್ಕೊ. ಮೊದಲನೇ ವರ್ಷ ನಾನು ಎಲ್ಲರ ಟೈರನ್ನೂ ಒತ್ತಿದ್ದೆ, ಸಿಕ್ಕಿಬಿದ್ದಿರಲಿಲ್ಲ." ಮತ್ತೆ ಅಣ್ಣನಿಗೆ, "ಏನ್ ನೋಡ್ತಾ ನಿಂತೆ? ಅವಳದೂ ಇಳ್ಸು. ಗೆದ್ರೆ ಸಮಸಮ ಗೆಲ್ಬೇಕು" ಎಂದಳು.

ಲುದೋ ಹನ್ನೆಲೋರ್‌ಳ ಚಕ್ರಗಳ ಬಳಿ ಕುಕ್ಕರಿಸಿ, ಅವಳ ಹೆಬ್ಬೆರಳನ್ನೇ ಟೈರಿನ ಮೇಲಿರಿಸಿ ಗಾಳಿ ಬಿಟ್ಟ. ಇಷ್ಟು ಸಾಕಾ ಎಂದು ಅವಳು ಕೇಳಿದಾಗಲೆಲ್ಲ ಇನ್ನೂ ಸ್ವಲ್ಪ ಎನ್ನುತ್ತಿದ್ದ.

ಆ ಪಂದ್ಯವನ್ನು ನಮ್ಮೂರು ಬಹಳ ದಿನ ಮಾತಾಡಿಕೊಂಡಿತು. ಹುಲ್ಲುಗಾವಲು ನಿಜವಾಗಿಯೂ ಬೆಣ್ಣೆಯಾಗಿತ್ತು. ಗಟ್ಟಿ ಟೈರಿನವರು ಮೊದಲ ತಿರುವಿನಲ್ಲೇ ಒಬ್ಬರ ಮೇಲೊಬ್ಬರು ಬಿದ್ದು, ಬಿದ್ದಲ್ಲೇ ನಗುತ್ತಿದ್ದರು. ವೇರ್ಲೆ ಮತ್ತು ಹನ್ನೆಲೋರ್ ಸೈಕಲ್ಲನ್ನು ಹೆಗಲಿಗೇರಿಸಿ ದಿಬ್ಬ ಹತ್ತಿದರು, ದಾರಿಗೆ ಅಡ್ಡ ಇಟ್ಟ ಹಲಗೆಗಳನ್ನು ಹಾರಿದರು, ಮುಖಕ್ಕೆ ಮುಖ ಸಿಕ್ಕಾಗಲೆಲ್ಲ ಬೈದುಕೊಂಡರು. ಲುದೋ ಇಬ್ಬರ ಸೈಕಲ್ಲನ್ನೂ ತೊಳೆದ. ತಂಗಿಯದನ್ನು ಬೇಗ ತೊಳೆದನೆಂದು ನನಗೆ ಅನುಮಾನ. ಕೊನೆಗೆ ಒಂದು ಗಾಲಿಯಷ್ಟು ಅಂತರದಲ್ಲಿ ವೇರ್ಲೆ ಗೆದ್ದಳು. ಹನ್ನೆಲೋರ್ ಗೆರೆ ದಾಟಿದವಳೇ ಅವಳ ಮೇಲೆ ಬಿದ್ದಳು, ಅಪ್ಪಿಕೊಂಡಳೋ ಜಾರಿದಳೋ ಹೇಳುವುದು ಕಷ್ಟ.

ನಾಲ್ಕು ಗಂಟೆಗೆ ಎಲ್ಲರೂ ಕ್ಲಬ್ಬಿನ ಮರದ ಮನೆಯಲ್ಲಿ ತುಂಬಿಕೊಂಡಿದ್ದರು. ಕಿಟಕಿಗಳೆಲ್ಲ ಹಬೆಗಟ್ಟಿ, ಒಳಗೆ ಬಿಯರಿನಲ್ಲಿ ಬೇಯಿಸಿದ ಮಾಂಸದ ಘಮ. ಹನ್ನೆಲೋರ್ ತರಚಿದ ಮೊಣಕಾಲು ತೊಳೆದುಕೊಂಡು ಬರುವಷ್ಟರಲ್ಲಿ ಪಾತ್ರೆ ಖಾಲಿ. ಬಡಿಸುತ್ತಿದ್ದವಳು ಸೌಟಿನಿಂದ ತಳ ಕೆರೆದು ತೋರಿಸಿದಳು. ಪರವಾಗಿಲ್ಲ, ಹಸಿವಿಲ್ಲ ಎಂದು ಹುಡುಗಿ ವೇರ್ಲೆ ಮತ್ತು ಲುದೋ ನಡುವೆ ಜಾಗಮಾಡಿಕೊಂಡು ಕುಳಿತಳು. ಅವರಿಬ್ಬರೂ ಮುಂದಿನ ವರ್ಷದ ಗಾಳಿಯ ಬಗ್ಗೆ ಆಗಲೇ ವಾದ ಶುರು ಮಾಡಿದ್ದರು.

ಮೂಲೆಯ ಮೇಜಿನಲ್ಲಿ ಫೆರ್ನಾಂದ್ ಅದೇ ತಾನೇ ಫೋರ್ಕು ಕೈಗೆ ತೆಗೆದುಕೊಂಡಿದ್ದ. ಬೆಳಗ್ಗೆ ಆರರಿಂದ ಅವನು ಏನೂ ತಿಂದಿರಲಿಲ್ಲವೆಂದು ನನಗೆ ಗೊತ್ತು. ಫೋರ್ಕನ್ನು ಕೆಳಗಿಟ್ಟು, ತನ್ನ ಕೈಯೊರೆಸುವ ಕಾಗದದಿಂದಲೇ ಅದನ್ನು ಒರೆಸಿ, ಎದ್ದ. ಮಾಂಸ, ಕರಿದ ಆಲೂಗಡ್ಡೆ ತುಂಬಿದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದು, ಹನ್ನೆಲೋರ್ ಎದುರು ಇಟ್ಟ. ಫೋರ್ಕನ್ನು ಅವಳ ಕೈಗೆ ಹತ್ತಿರವಾಗುವಂತೆ ತಿರುಗಿಸಿಟ್ಟು, ತನ್ನ ಖಾಲಿ ಮೇಜಿಗೆ ವಾಪಸ್ ಹೋದ.