ಪಾಲಕ್ ಎಲೆಯ ಮೇಲಿನ ಓಪಲ್

“ಮುಟ್ಟಬೇಡ ಪುಟ್ಟಿ, ಇನ್ನೂ ಮಂಗಳಾರತಿ ಆಗಿಲ್ಲ,” ಎಂದರು ಶಕುಂತಲಜ್ಜಿ.

ಅಹನಾ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. “ಅಜ್ಜಿ, ಅದು ನನ್ನ ಕಲ್ಲು.”

“ನಿನ್ನದೇ. ಯಾರು ಇಲ್ಲ ಅಂದ್ರು? ಈಗ ಪೂಜೇಲಿದೆ ಅಷ್ಟೆ.”

ಹಾಲ್‌ನಲ್ಲಿದ್ದ ಪುಸ್ತಕದ ಕಪಾಟಿನ ಮೇಲಿನ ಹಲಗೆಯೇ ಆ ಮನೆಯ ದೇವರ ಮನೆ. ಇವತ್ತು ಅಲ್ಲಿ ಬೆರಳಿಡಲೂ ಜಾಗವಿರಲಿಲ್ಲ. ಅಪ್ಪನ ಲ್ಯಾಪ್‌ಟಾಪ್, ಅಮ್ಮನ ತರಕಾರಿ ಚಾಕು, ಸ್ಕ್ರೂಡ್ರೈವರ್, ಅಹನಾಳ ಜಾಮಿಟ್ರಿ ಬಾಕ್ಸ್, ಎಲ್ಲಕ್ಕೂ ಕುಂಕುಮ. ನಿಜವಾದ ಆಯುಧಪೂಜೆ ಮುಗಿದು ಎರಡು ದಿನವಾಗಿತ್ತು. ಆದರೆ ಸ್ವೀಡನ್ನಿನ ಈ ಎಸ್ಕಿಲ್‌ಸ್ಟುನಾದಲ್ಲಿ ಯಾವ ಹಬ್ಬವಾದರೂ ಶನಿವಾರದವರೆಗೆ ಕಾಯಬೇಕು, ಅಪ್ಪನಿಗೆ ರಜೆ ಸಿಗುವುದು ಆವತ್ತೇ. “ಈ ಊರಲ್ಲಿ ದೇವರಿಗೂ ವೀಕೆಂಡಾ?” ಎಂದು ಗೊಣಗಿಕೊಂಡೇ ಅಜ್ಜಿ ಒಪ್ಪಿದ್ದರು.

ಬೇರೆ ಸಾಮಾನೆಲ್ಲ ಪಕ್ಕದಲ್ಲಿ ಸಾಲಾಗಿ ಕುಳಿತಿದ್ದವು. ಅಹನಾಳ ಕಲ್ಲು ಮಾತ್ರ ಗಣಪತಿಯ ಎದುರಿಗೇ, ಬೆಳ್ಳಿ ತಟ್ಟೆಯಲ್ಲಿ, ಪಾಲಕ್ ಎಲೆಯ ಮೇಲೆ ಕೂತಿತ್ತು. ವೀಳ್ಯದೆಲೆ ಸಿಕ್ಕಿರಲಿಲ್ಲ. ಮೊಟ್ಟೆಯಷ್ಟು ದೊಡ್ಡ ನೀಲಿ ಕಲ್ಲು, ಒಳಗೆ ಹಾಲು ಚೆಲ್ಲಿದಂಥ ಬಿಳಿ ಸುರುಳಿ. ಅದರ ನೆತ್ತಿಗೆ ಕುಂಕುಮ, ಮೇಲೊಂದು ಸೇವಂತಿಗೆ.

ಗಂಟೆ ಒಂಬತ್ತೂವರೆ. ಹನ್ನೊಂದಕ್ಕೆ ಲೈಬ್ರರಿಯಲ್ಲಿ ಕಲ್ಲು ಹುಡುಕುವವರ ಕ್ಲಬ್ಬಿನ ಎಕ್ಸಿಬಿಷನ್. ಏಳನೇ ಟೇಬಲ್ ಅಹನಾಳದು. ‘ಓಪಲ್. ಹುಡುಕಿದವಳು ಅಹನಾ, ಹತ್ತು ವರ್ಷ’ ಎಂದು ಕಾರ್ಡ್ ಕೂಡ ಬರೆದಿಟ್ಟಾಗಿತ್ತು. ಅವಳ ಕ್ಲಾಸಿನ ಮಯಾಂಕ್, “ಇಲ್ಲೆಲ್ಲ ಓಪಲ್‌ನಂಥ ರತ್ನ ಎಲ್ಲಿಂದ ಬರುತ್ತೆ? ಸುಳ್ಳು,” ಎಂದು ಎಲ್ಲರೆದುರು ಹೇಳಿದ್ದ. “ಶನಿವಾರ ಬಾ, ತೋರಿಸ್ತೀನಿ,” ಎಂದು ಇವಳೂ ಎಲ್ಲರೆದುರೇ ಹೇಳಿದ್ದಳು.

ಅವಳು ಅಡುಗೆಮನೆಗೆ ಓಡಿದಳು. “ಅಮ್ಮಾ, ಅಜ್ಜಿ ಕಲ್ಲು ಕೊಡ್ತಿಲ್ಲ.”

ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದ ಅಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಒಳ್ಳೆಯ ಚಾಕು ಪೂಜೆಯಲ್ಲಿತ್ತು, ಬೆಣ್ಣೆ ಸವರುವ ಚಾಕುವಿನಲ್ಲಿ ಸೌತೆಕಾಯಿ ನಜ್ಜುಗುಜ್ಜಾಗಿತ್ತು. “ಅದನ್ನ ಸಾಲಿಗ್ರಾಮ ಅಂದ್ಕೊಂಡಿದಾರೆ ಅನ್ಸುತ್ತೆ ಕಣೇ. ಬೆಳಿಗ್ಗೆ ಅದರ ಮುಂದೆ ಕಣ್ಮುಚ್ಚಿ ನಿಂತಿದ್ರು, ಐದು ನಿಮಿಷ.”

“ನೀನು ಹೇಳು ದೇವರಲ್ಲ ಅಂತ.”

“ನಾನಾ? ಅತ್ತೆ ಬಂದು ಎರಡು ವಾರ ಆಯ್ತು, ಇನ್ನೂ ಎರಡೂವರೆ ತಿಂಗಳಿದೆ. ನಾನು ಹೇಳಲ್ಲಮ್ಮ. ಅಪ್ಪನ್ನ ಕೇಳು.”

ಅಪ್ಪ ಶೂ ಹಾಕಿಕೊಳ್ಳುತ್ತಿದ್ದರು. “ನಾನು ಕುಂಬಳಕಾಯಿ ತರೋಕೆ ಹೋಗ್ತಿದೀನಿ,” ಎಂದವರೇ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದರು.

ಕುಂಬಳಕಾಯಿ ಬರುವವರೆಗೆ ಪೂಜೆ ಶುರುವಾಗುವುದಿಲ್ಲ. ಪೂಜೆ ಮುಗಿಯುವವರೆಗೆ ಕಲ್ಲು ಕದಲುವುದಿಲ್ಲ. ಅಹನಾ ಸೋಫಾದ ಮೇಲೆ ಮುದುಡಿ ಕೂತಳು.

ಒಂದು ಮಾತು ಹೇಳಿದ್ದರೆ ಕಲ್ಲು ಈಗಲೇ ಸಿಗುತ್ತಿತ್ತು. ಆ ಮಾತನ್ನೇ ಅವಳು ಒಂದು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ.

ಹೋದ ತಿಂಗಳು ಕ್ಲಬ್ಬಿನವರು ಮಕ್ಕಳನ್ನೆಲ್ಲ ವ್ಯಾನಿನಲ್ಲಿ ಕಾಡಿಗೆ ಕರೆದುಕೊಂಡು ಹೋಗಿದ್ದರು. ಮುನ್ನೂರು ವರ್ಷದ ಹಿಂದೆ ಕಬ್ಬಿಣ ಕರಗಿಸುತ್ತಿದ್ದ ಒಂದು ಜಾಗ. ಈಗ ಪಾಚಿ ಹತ್ತಿದ ಗೋಡೆ, ಪಕ್ಕದಲ್ಲೊಂದು ದಿಬ್ಬ. ಎಲ್ಲರಿಗೂ ಒಂದೊಂದು ಬಕೆಟ್, ಒಂದೊಂದು ಪುಟ್ಟ ಸನಿಕೆ. ಮೂರು ಗಂಟೆ ಅಗೆದರೂ ಅಹನಾಳಿಗೆ ಸಿಕ್ಕಿದ್ದು ಏಳು ಕರಿ ಉಂಡೆ, ಒಂದು ತುಕ್ಕು ಹಿಡಿದ ಮೀನಿನ ಡಬ್ಬಿ. ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು. ಕೊನೆಗೆ ಬೇಜಾರಿನಲ್ಲಿ ಒಂದು ಮಣ್ಣು ಹೆಂಟೆಯನ್ನು ತೊರೆಯಲ್ಲಿ ಅದ್ದಿದರೆ, ಅದರೊಳಗಿಂದ ಆಕಾಶದ ಬಣ್ಣ ಇಣುಕಿತು.

ಕ್ಲಬ್ಬಿನ ಮುಖ್ಯಸ್ಥ ಹೋಕನ್ ಅದನ್ನು ಬಿಸಿಲಿಗೆ ಹಿಡಿದು ಸಿಳ್ಳೆ ಹಾಕಿದ್ದರು. “ಇದನ್ನ ಸ್ವೀಡನ್ನಿನ ಓಪಲ್ ಅಂತಾರೆ ಕೆಲವರು, ಪ್ರೀತಿಗೆ. ನಿಜ ಹೇಳಬೇಕಂದ್ರೆ ಇದು ಸ್ಲಾಗ್. ಕಬ್ಬಿಣ ಕರಗಿದಾಗ ಮೇಲೆ ತೇಲುವ ಕೊಳೆ. ಅದನ್ನ ತೆಗೆದು ಇಲ್ಲಿ ಚೆಲ್ಲುತ್ತಿದ್ದರು.”

ಅಹನಾ ಮನೆಯಲ್ಲೂ ಸ್ಕೂಲಿನಲ್ಲೂ ಹೇಳಿದ್ದು ಮೊದಲ ಅರ್ಧ ಮಾತ್ರ.

ಈಗ ನೋಡಿದರೆ ಅಜ್ಜಿ ಆ ಕೊಳೆಗೆ ಹೂವೇರಿಸಿ ಕೂತಿದ್ದಾರೆ. ಫೋನಿನಲ್ಲಿ ತಂಗಿ ಕೋಕಿಲಜ್ಜಿಗೂ ತೋರಿಸಿದ್ದರು, ಅವರೂ ಅಲ್ಲಿಂದಲೇ ಕೈಮುಗಿದಿದ್ದರು. ‘ಅಜ್ಜಿ, ನೀವು ಪೂಜೆ ಮಾಡ್ತಿರೋದು ಕಸ’ ಎಂದು ಹೇಗೆ ಹೇಳುವುದು?

ಹೇಳದೆ ಮಾಡುವ ದಾರಿ ಒಂದಿತ್ತು. ಪಾರ್ಕಿಂಗ್ ಜಾಗಕ್ಕೆ ಓಡಿಹೋಗಿ ಮೊಟ್ಟೆಯಷ್ಟೇ ದೊಡ್ಡ ಒಂದು ಕಲ್ಲು ಹುಡುಕಿ ತಂದಳು. ಅಜ್ಜಿ ಸೀರೆ ಬದಲಾಯಿಸಲು ಒಳಗೆ ಹೋದಾಗ, ಸ್ಟೂಲ್ ಹತ್ತಿ ನೀಲಿ ಕಲ್ಲನ್ನು ಜೇಬಿಗಿಳಿಸಿ, ಬೂದು ಕಲ್ಲನ್ನು ಎಲೆಯ ಮೇಲಿಟ್ಟು, ಕುಂಕುಮ ಮೆತ್ತಿ, ಹೂವು ಮುಚ್ಚಿದಳು.

ಅಜ್ಜಿ ಬಂದರು. ಕನ್ನಡಕ ಏರಿಸಿದರು. ತಟ್ಟೆಯನ್ನೇ ನೋಡಿದರು.

“ಶ್ರಾವಣಿ,” ಎಂದು ಸೊಸೆಯನ್ನು ಕರೆದರು. “ನಿಮ್ಮನೆ ಓಪಲ್ಲಿಗೆ ಜ್ವರ ಬಂದಿದೆ ನೋಡಮ್ಮ. ಬಣ್ಣವೇ ಬಿಟ್ಕೊಂಡಿದೆ.”

ಅಡುಗೆಮನೆಯಲ್ಲಿ ಚಾಕು ನಿಂತಿತು. ಅಮ್ಮ ಹೊರಗೆ ಬರಲಿಲ್ಲ.

“ಪುಟ್ಟಿ, ಜೇಬಿನಿಂದ ಕೈ ತೆಗಿ.”

ಅಹನಾ ಕಲ್ಲಿನ ಸಮೇತ ಕೈ ತೆಗೆದಳು. ಬೆರಳೆಲ್ಲ ಕೆಂಪಾಗಿತ್ತು. ಒಂದೇ ಉಸಿರಿಗೆ ಅಂದಳು, “ಅಜ್ಜಿ, ಅದು ದೇವರಲ್ಲ. ಓಪಲ್ಲೂ ಅಲ್ಲ. ಫ್ಯಾಕ್ಟರಿ ಕಸ. ಕಬ್ಬಿಣ ಮಾಡುವಾಗ ಎಸೆದಿದ್ದು. ನಂಗೆ ಮೊದಲೇ ಗೊತ್ತಿತ್ತು. ಸಾರಿ.”

ಹೇಳಿ ನೆಲ ನೋಡುತ್ತ ನಿಂತಳು. ಅಜ್ಜಿ ಅಳಬಹುದು, ಇಲ್ಲವೇ ವಾಪಸ್ ಟಿಕೆಟ್ ಮಾಡಿಸಲು ಹೇಳಬಹುದು.

“ಕಿಟ್ಟ ಅನ್ನು,” ಎಂದರು ಅಜ್ಜಿ.

“ಹಾಂ?”

“ಕಸ ಅಲ್ಲ, ಕಿಟ್ಟ ಅಂತಾರೆ ಅದಕ್ಕೆ. ಮೂವತ್ತೊಂದು ವರ್ಷ ನಿಮ್ಮ ತಾತ ಭದ್ರಾವತೀಲಿ ಕುಲುಮೆ ಮುಂದೆ ನಿಂತವರು. ಅವರ ಶರ್ಟಿಗೆ ಬಿದ್ದ ತೂತೆಲ್ಲ ಹೊಲಿದವಳು ನಾನು. ನಂಗೆ ಕಿಟ್ಟ ಗೊತ್ತಾಗಲ್ವಾ?” ಅಜ್ಜಿ ಅವಳ ಅಂಗೈಯಿಂದ ಕಲ್ಲನ್ನು ಎತ್ತಿಕೊಂಡು ಅಂಚನ್ನು ತೋರಿಸಿದರು. “ಈ ಗುಳ್ಳೆ ನೋಡು, ಸಾಸಿವೆಕಾಳಿನಷ್ಟು. ಕುದಿಯುವಾಗ ಬಂದಿದ್ದು. ದೇವರು ಮಾಡಿದ ಕಲ್ಲಲ್ಲಿ ಇದಿರಲ್ಲ. ಮನುಷ್ಯರು ಬೆವರು ಸುರಿಸಿ ಮಾಡಿದ್ದರಲ್ಲೇ ಇರೋದು.”

ಅಮ್ಮ ಸೌತೆಕಾಯಿ ಹಿಡಿದುಕೊಂಡೇ ಹೊರಗೆ ಬಂದರು. “ಮತ್ತೆ ಗಣಪತಿ ಮುಂದೆ ಯಾಕೆ ಇಟ್ರಿ ಅತ್ತೆ?”

“ಅವರೂ ಇಡ್ತಿದ್ರಲ್ಲ. ಆಯುಧಪೂಜೆ ದಿನ ಒಂದು ತುಂಡು ತಂದು ಇಡೋರು. ‘ಕಬ್ಬಿಣ ಲಾರಿ ಹತ್ತಿ ಹೋಯ್ತು ಶಕುಂತಲಾ, ನಾನು ಮಾಡಿದ್ದರಲ್ಲಿ ಮನೆಗೆ ಬಂದಿದ್ದು ಇಷ್ಟೇ’ ಅನ್ನೋರು.” ಅಜ್ಜಿ ಕಲ್ಲನ್ನು ಸೆರಗಿನಿಂದ ಒರೆಸಿ, ಮತ್ತೆ ಎಲೆಯ ಮೇಲಿಟ್ಟು ಹೊಸದಾಗಿ ಕುಂಕುಮ ಹಚ್ಚಿದರು. “ಕ್ವಾರ್ಟರ್ಸ್ ಬಿಡೋವಾಗ ಅದೆಲ್ಲೋ ಕಳೆದುಹೋಯ್ತು. ಈ ಸಲ ಇಷ್ಟು ದೂರ ಬಂದು ನೋಡ್ತೀನಿ, ಈ ಹುಡುಗಿಯ ಕಪಾಟಿನಲ್ಲಿ ಅಂಥದ್ದೇ ಒಂದು ಕೂತಿದೆ.”

ಅಹನಾ ಸ್ಟೂಲ್ ಹತ್ತಿ, ಸೇವಂತಿಗೆಯನ್ನು ಕಲ್ಲಿನ ಮೇಲೆ ಸರಿಯಾಗಿ ಇಟ್ಟಳು. ಪಾರ್ಕಿಂಗಿನ ಕಲ್ಲನ್ನು ಕಿಟಕಿಯ ಕಟ್ಟೆಗೆ ಸಾಗಿಸಿದಳು.

ಹತ್ತೂಕಾಲಿಗೆ ಅಪ್ಪ ಬಂದರು. ಬೂದುಗುಂಬಳ ಎಲ್ಲೂ ಸಿಕ್ಕಿರಲಿಲ್ಲ. ತಂದಿದ್ದು ಕಿತ್ತಳೆ ಬಣ್ಣದ್ದು, ಹ್ಯಾಲೋವೀನ್‌ಗೆ ಅಂತ ಅಂಗಡಿಯವರು ಅದರ ಮೇಲೆ ಎರಡು ಕಣ್ಣು, ಚೂಪು ಹಲ್ಲು ಬರೆದಿದ್ದರು.

“ಇದೇ ಇದ್ದಿದ್ದಮ್ಮ,” ಎಂದರು ಅಪ್ಪ ಹೆದರಿಕೊಂಡೇ.

ಅಜ್ಜಿ ಅದನ್ನು ತಿರುಗಿಸಿ ನೋಡಿದರು. “ಭೇಷ್. ದೃಷ್ಟಿ ತೆಗೆಯೋಕೆ ಅಂತಲೇ ಮಾಡಿದ ಹಾಗಿದೆ. ಈ ಊರಿನವರಿಗೂ ಗೊತ್ತು ಬಿಡು.”

ಮಂಗಳಾರತಿಯ ಹೊತ್ತಿಗೆ ಸ್ಮೋಕ್ ಅಲಾರಂ ಬಡಿದುಕೊಳ್ಳದಂತೆ ಅಮ್ಮ ಕುರ್ಚಿ ಹತ್ತಿ ಟವೆಲ್ ಬೀಸಿದರು. ಅಪ್ಪ ಕೆಳಗೆ ಕಾರಿನ ಮುಂದೆ ಕುಂಬಳಕಾಯಿ ಒಡೆದು, ಚೂರುಗಳನ್ನೆಲ್ಲ ಹೆಕ್ಕಿ ಹಸಿಕಸದ ಡಬ್ಬಿಗೆ ಹಾಕಿದರು. ಆಮೇಲೆ ಎಲ್ಲರೂ ಕಾರು ಹತ್ತಿ, ಚಕ್ರದ ಕೆಳಗಿನ ನಿಂಬೆಹಣ್ಣು ಪಚಕ್ಕೆನ್ನಿಸಿ ಹೊರಟರು.

“ಕಲ್ಲು ತಗೊಂಡು ಹೋಗು,” ಎಂದು ಅಜ್ಜಿ ಹೇಳಿದ್ದರು. “ಸಂಜೆ ವಾಪಸ್ ತರಬೇಕು. ಕುಂಕುಮ ಮಾತ್ರ ಒರೆಸಬೇಡ.”

ಕಾರಿನಲ್ಲಿ ಅಹನಾ ಕಾರ್ಡನ್ನು ಮಗುಚಿ, ಹಿಂಬದಿಯಲ್ಲಿ ಹೊಸದಾಗಿ ಬರೆದಳು.

ಏಳನೇ ಟೇಬಲ್ಲಿನ ಹತ್ತಿರ ಮಯಾಂಕ್ ಆಗಲೇ ನಿಂತಿದ್ದ. ಕಾರ್ಡ್ ಓದಿ ಅವನ ಹುಬ್ಬು ಮೇಲೇರಿತು. “ಸ್ಲಾಗಾ? ನೋಡ್ದಾ, ನಾನು ಹೇಳಿರ್ಲಿಲ್ವಾ ಓಪಲ್ ಅಲ್ಲ ಅಂತ.”

“ಹೌದು, ನೀನು ಹೇಳಿದ್ದೇ ಸರಿ. ಅಲ್ಲ.”

ಜಗಳಕ್ಕೆ ಸಿದ್ಧನಾಗಿ ಬಂದಿದ್ದ ಮಯಾಂಕ್ ಕಾರ್ಡನ್ನು ಇನ್ನೊಮ್ಮೆ ಓದಿದ. “ಮತ್ತೆ ಯಾಕೆ ಇಟ್ಟಿದೀಯ? ಅದು ವೇಸ್ಟ್ ಅಲ್ವಾ?”

“ಈ ಗುಳ್ಳೆ ಕಾಣುತ್ತಾ? ಯಾರೋ ಬೆಂಕಿ ಮುಂದೆ ನಿಂತು ಮಾಡಿದ್ದು. ನಮ್ಮ ತಾತನೂ ಮಾಡ್ತಿದ್ರು.”

“ಇಲ್ಲಿ?”

“ಭದ್ರಾವತೀಲಿ. ಅವರು ಮಾಡಿದ್ದು ಕಳೆದುಹೋಯ್ತು. ಇದು ಇಲ್ಲಿನ ಯಾವುದೋ ತಾತಂದು.”

ಮಯಾಂಕ್ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಗುಳ್ಳೆ ನೋಡತೊಡಗಿದ. ಅಷ್ಟರಲ್ಲಿ ಹೋಕನ್ ಬಂದರು. “ಹೋಕನ್ ಅಂಕಲ್ ಅನ್ನು,” ಎಂದು ಅಮ್ಮ ಹಿಂದಿನಿಂದ ತಿವಿದರು. ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಅಮ್ಮನ ಬೆರಳು ಕೇಳುವುದಿಲ್ಲ.

ಹೋಕನ್ ಕಲ್ಲನ್ನೆತ್ತಿ ಹೆಬ್ಬೆರಳಲ್ಲಿ ನೆತ್ತಿಯನ್ನು ಸವರಿದರು. “ಈ ಕೆಂಪು ಏನು? ತುಕ್ಕಾ?”

“ಅಲ್ಲ,” ಎಂದಳು ಅಹನಾ ಸ್ವೀಡಿಷ್‌ನಲ್ಲಿ. “ಥ್ಯಾಂಕ್ಸ್ ಹೇಳಿದ್ದು. ಅದನ್ನ ಮಾಡಿದವರಿಗೆ.”

ಹೋಕನ್ ಯೋಚಿಸುತ್ತಾ, ಅದೇ ಹೆಬ್ಬೆರಳಿನಿಂದ ಹಣೆ ಉಜ್ಜಿಕೊಂಡರು. ಎರಡು ಹುಬ್ಬುಗಳ ನಡುವೆ ಉದ್ದಕ್ಕೊಂದು ಕೆಂಪು ಗೀರು ಮೂಡಿತು. ಮಯಾಂಕ್ ಬಾಯಿ ತೆರೆದ, ಅಹನಾ ಅವನ ಕಾಲು ತುಳಿದಳು. ಅಜ್ಜಿ ದೂರದ ಕುರ್ಚಿಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೋಕನ್ ಕಲ್ಲನ್ನು ಜೋಪಾನವಾಗಿ ಅದರ ಜಾಗದಲ್ಲಿಟ್ಟು, ಹಣೆಗೆ ಕುಂಕುಮವಿಟ್ಟುಕೊಂಡೇ ಎಂಟನೇ ಟೇಬಲ್ಲಿನ ಕಡೆ ನಡೆದರು.